ಬೆನ್ನುಹುರಿಯ ಪೆಟ್ಟು, ಬಿಪಿ ಕುಸಿತ ಮತ್ತು ಆ ಯಂತ್ರ

ತಮ್ಮನ ಕುತ್ತಿಗೆಯಲ್ಲಿ ಬೆನ್ನುಹುರಿಗೆ ಪೆಟ್ಟಾಗಿದೆ, ಗಾಲಿಕುರ್ಚಿಯಲ್ಲಿ ಕೂರಿಸಿದರೆ ಬಿಪಿ ಇಳಿದು ಕಣ್ಣು ಕತ್ತಲಿಡುತ್ತದೆ, ನರಕ್ಕೆ ವಿದ್ಯುತ್ ಕೊಡುವ ಯಂತ್ರವನ್ನು ಪುಣೆಯಲ್ಲಿ ಹಾಕಿಸಬಹುದೇ ಎಂದು ಕೇಳಿದ್ದೀರಿ. ದುಡುಕಬೇಡಿ.

ಎದ್ದು ಕೂತಾಗ ರಕ್ತ ಕಾಲಿಗೂ ಹೊಟ್ಟೆಗೂ ಇಳಿಯುತ್ತದೆ. ರಕ್ತನಾಳಗಳನ್ನು ಬಿಗಿಗೊಳಿಸು ಎಂಬ ಮಿದುಳಿನ ಆಜ್ಞೆ ಪೆಟ್ಟಾದ ಜಾಗವನ್ನು ದಾಟುವುದಿಲ್ಲ. ಸ್ವಿಟ್ಜರ್ಲೆಂಡ್ ಮತ್ತು ಕೆನಡಾದ ತಂಡಗಳು 2021ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದ್ದು ಇದಕ್ಕೊಂದು ದಾರಿ: ಎದೆಭಾಗದ ಬೆನ್ನುಹುರಿಯ ಕೆಳತುದಿಯ ಮೇಲೆ ವಿದ್ಯುತ್ ಹಾಯಿಸುವ ಎಲೆಕ್ಟ್ರೋಡ್ ಇಟ್ಟು ಆ ಆಜ್ಞೆಯನ್ನು ಅಲ್ಲಿಂದಲೇ ಕೊಡುವುದು. ಬೆನ್ನುನೋವಿಗೆ ಹಾಕುವ ಸಾಮಾನ್ಯ ಸ್ಟಿಮ್ಯುಲೇಟರ್ (ಬೆನ್ನುಹುರಿಗೆ ವಿದ್ಯುತ್ ಕೊಡುವ ಯಂತ್ರ) ಈ ಕೆಲಸಕ್ಕೆಂದು ರೂಪಿಸಿದ್ದಲ್ಲ. ಎರಡೂ ಒಂದೇ ಎಂದು ಯಾರಾದರೂ ಲಕ್ಷಗಳ ಲೆಕ್ಕ ಮುಂದಿಟ್ಟರೆ, ಬಿಪಿಗಾಗಿ ಅದಕ್ಕೆ ಅನುಮತಿ ಇದೆಯೇ ಎಂದು ಬರಹದಲ್ಲಿ ಕೇಳಿ.

ಸದ್ಯಕ್ಕೆ ಹೊಟ್ಟೆಗೆ ಬೈಂಡರ್ ಎಂಬ ಬಿಗಿ ಪಟ್ಟಿ, ಕಾಲಿಗೆ ಬಿಗಿ ಕಾಲುಚೀಲ, ಹಾಸಿಗೆಯ ತಲೆಭಾಗವನ್ನು ಹಂತಹಂತವಾಗಿ ಏರಿಸುವುದು. ಬಿಪಿ ಏರಿಸುವ ಮಿಡೊಡ್ರಿನ್ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ. ಅದನ್ನು ನುಂಗಿ ಮಲಗಿದರೆ ಬಿಪಿ ವಿಪರೀತ ಏರಬಹುದು. ಮುಂಬೈಯ ಹಾಜಿ ಅಲಿಯಲ್ಲಿ ಅಖಿಲ ಭಾರತ ಭೌತಿಕ ವೈದ್ಯಕೀಯ ಮತ್ತು ಪುನರ್ವಸತಿ ಸಂಸ್ಥೆ ಇದೆ, ಕೇಂದ್ರ ಸರ್ಕಾರದ್ದು. ಪುಣೆಯಿಂದ ಒಮ್ಮೆ ಹೋಗಿ ತೋರಿಸಲು ಯೋಗ್ಯ.

ನೀವು ಕೇಳದಿದ್ದರೂ ಹೇಳಲೇಬೇಕಾದದ್ದು ಇನ್ನೊಂದಿದೆ. ಇಂಥವರಿಗೆ ಬಿಪಿ ದಿಢೀರನೆ ಏರುವುದೂ ಉಂಟು: ಸಿಡಿಯುವ ತಲೆನೋವು, ಮುಖ ಕೆಂಪಗಾಗಿ ಬೆವರುವುದು. ಆಗ ಮಲಗಿಸಬೇಡಿ. ನೆಟ್ಟಗೆ ಕೂರಿಸಿ, ಬೈಂಡರ್ ಸಡಿಲಿಸಿ, ಮೂತ್ರದ ಕೊಳವೆ ಮಡಚಿದೆಯೇ, ಕಟ್ಟಿಕೊಂಡಿದೆಯೇ ನೋಡಿ. ಇಳಿಯದಿದ್ದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.