ಅಮ್ಮ ಸಾವಿನ ಮನೆಯಲ್ಲಿ ಹಾಡುತ್ತಾಳೆ, ಈಗ ದನಿಯೇ ಏಳುತ್ತಿಲ್ಲ

ಪ್ರಶ್ನೆ: ಮೇಡಂ, ನಾವು ಕೆಜಿಎಫ್‌ನವರು, ಮನೆಮಾತು ತಮಿಳು. ಗಣಿ ಮುಚ್ಚಿ ಅಪ್ಪನ ಕೆಲಸ ಹೋದಾಗ ಅಮ್ಮ ತಮಟೆಯವರ ಜೊತೆ ಸಾವಿನ ಮನೆಗಳಿಗೆ ಹೋಗಿ ಒಪ್ಪಾರಿ, ಅಂದರೆ ಸತ್ತವರನ್ನು ನೆನೆದು ಅಳುವ ಹಾಡು, ಹಾಡಲು ಶುರು ಮಾಡಿದಳು. ನಮ್ಮನ್ನು ಓದಿಸಿದ್ದು ಅದೇ ದುಡ್ಡು. ಈಗ ಅವಳಿಗೆ 61 ವರ್ಷ. ಎರಡು ತಿಂಗಳಿಂದ ದನಿ ಒಡೆದಿದೆ. ಕರೆಯುವವರೂ ಕಡಿಮೆಯಾಗಿದ್ದಾರೆ, ಕೆಲವರು ಸ್ಪೀಕರ್‌ನಲ್ಲಿ ರೆಕಾರ್ಡ್ ಹಾಕಿ ಮುಗಿಸುತ್ತಾರೆ. ತಮಟೆ ತಂಡದ ಯಜಮಾನ ಕೊಟ್ಟಷ್ಟೇ ಕೂಲಿ. ‘ದುಡ್ಡಿಗೆ ಅಳುವವಳು’ ಎಂದು ನೆಂಟರೇ ಆಡಿಕೊಳ್ಳುತ್ತಾರೆ. ಆರು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗ ಅವಳು ಒಂದು ಸಾಲೂ ಹಾಡಲಿಲ್ಲ. ಅದನ್ನೂ ಜನ ಎತ್ತಿ ಆಡುತ್ತಾರೆ. ಗಂಟಲಿಗೆ ಏನು ಮಾಡಲಿ? ಸರ್ಕಾರದಿಂದ ಏನಾದರೂ ಸಿಗುತ್ತದೆಯೇ?
– ಹೆಸರು ಬೇಡ, ಕೆಜಿಎಫ್

ಉತ್ತರ: ತಂಗಿ, ಮೊದಲು ಗಂಟಲು. ದನಿ ಒಡೆದು ಮೂರು ವಾರ ದಾಟಿದರೆ ಕಷಾಯ, ಜೇನುತುಪ್ಪ ನೆಚ್ಚಿಕೊಂಡು ಕೂರಬಾರದು. ನಿಮ್ಮಮ್ಮನಿಗೆ ಎರಡು ತಿಂಗಳಾಗಿದೆ. ಈ ವಾರವೇ ಕೋಲಾರದ ಜಿಲ್ಲಾ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಕರೆದುಕೊಂಡು ಹೋಗಿ. ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸವಿದ್ದರೆ ಒಂದು ದಿನವೂ ತಡ ಬೇಡ. ತಮಟೆ ಸದ್ದಿನ ಮೇಲೆ ವರ್ಷಗಟ್ಟಲೆ ಕೂಗಿ ಹಾಡಿದರೆ ದನಿಪಟಲದ ಮೇಲೆ ಗಂಟು ಕಟ್ಟುವುದುಂಟು. ಬೇರೆ ಕಾರಣವೂ ಇರಬಹುದು, ಅದನ್ನು ನೋಡಿ ಹೇಳಬೇಕಾದವರು ವೈದ್ಯರು. ಅಲ್ಲಿಯವರೆಗೆ ಹಾಡುವುದು ಬೇಡ. ಪಿಸುದನಿಯಲ್ಲಿ ಮಾತಾಡಿದರೆ ಗಂಟಲಿಗೆ ಆರಾಮ ಎಂದು ಎಷ್ಟೋ ಜನ ತಿಳಿದಿದ್ದಾರೆ, ಅದು ಇನ್ನಷ್ಟು ಆಯಾಸ. ಮುಂದೆ ಹಾಡುವುದಾದರೆ ಮೈಕ್ ಇದ್ದಲ್ಲಿ ಮಾತ್ರ, ತಮಟೆ ನಿಂತ ಹೊತ್ತಿನಲ್ಲಿ ಮಾತ್ರ.

ಇನ್ನು ನೆಂಟರ ಮಾತು. ನನಗೆ ಅದನ್ನು ಓದಿ ಸಂಕಟವಾಯಿತು. ತಮಿಳಿನಲ್ಲಿ ‘ಒಪ್ಪು’ ಎಂದರೆ ಹೋಲಿಕೆ. ಸತ್ತವರನ್ನು ತೇರಿಗೆ, ಹೊನ್ನಿಗೆ, ನೆರಳು ಕೊಟ್ಟ ಮರಕ್ಕೆ ಹೋಲಿಸಿ ಕರೆಯುವುದೇ ಒಪ್ಪಾರಿಯ ಜೀವ. ನಿಮ್ಮಮ್ಮ ಹೆಣದ ಮುಂದೆ ಕೂರುವ ಮೊದಲು ಸತ್ತವರ ಹೆಸರು, ಮಾಡುತ್ತಿದ್ದ ಕೆಲಸ, ಮದುವೆಯಾಗದೆ ಉಳಿದ ಮಗಳಿದ್ದಾಳೆಯೇ ಎಂದೆಲ್ಲ ವಿಚಾರಿಸಿಕೊಳ್ಳುವುದನ್ನು ನೀವು ನೋಡಿರುತ್ತೀರಿ. ಅಷ್ಟನ್ನೂ ಅಲ್ಲೇ ರಾಗಕ್ಕೆ ಹಾಕಿ ಹೆಣೆಯುತ್ತಾಳೆ. ಕಲ್ಲಾಗಿ ಕುಳಿತಿದ್ದ ಹೆಂಡತಿ ಆ ಸಾಲು ಕಿವಿಗೆ ಬಿದ್ದು ಅಳುತ್ತಾಳೆ. ರೆಕಾರ್ಡಿಗೆ ಆ ಮನೆಯವರ ಹೆಸರು ಗೊತ್ತಿಲ್ಲ. ನಮ್ಮ ಕನ್ನಡದ ಹಳ್ಳಿಗಳಲ್ಲೂ ಹೆಂಗಸರು ಹಾಡಿಕೊಂಡೇ ಅಳುತ್ತಾರಲ್ಲ, ಅವರನ್ನು ಯಾರೂ ಹಂಗಿಸುವುದಿಲ್ಲ. ನಿಮ್ಮಮ್ಮನನ್ನು ಹಂಗಿಸುವುದು ಕೂಲಿ ಪಡೆಯುತ್ತಾಳೆ ಎಂದು, ಮತ್ತು ಜಾತಿಯ ಕಾರಣಕ್ಕೆ. ರಾಜಸ್ಥಾನದಲ್ಲೂ ಹೀಗೇ. ಠಾಕೂರರ ಮನೆಯ ಹೆಂಗಸರು ಹೊರಗೆ ನಿಂತು ಅಳುವುದು ಮರ್ಯಾದೆಯಲ್ಲ ಎಂದು ಕೂಲಿಗೆ ಅಳುವ ಕೆಳಜಾತಿಯ ಹೆಂಗಸರನ್ನು, ರುದಾಲಿಯರನ್ನು, ಕರೆಸುತ್ತಿದ್ದರು, ಅತ್ತವರನ್ನೇ ಕೀಳಾಗಿ ಕಾಣುತ್ತಿದ್ದರು.

ಅಪ್ಪ ಸತ್ತ ದಿನ ಅವಳು ಹಾಡಲಿಲ್ಲ ಎಂದಿರಿ. ಒಪ್ಪಾರಿ ಹಾಡುವ ಹೆಂಗಸರು ಹೇಳುವ ಮಾತೊಂದಿದೆ: ಊರವರ ಹೆಣದ ಮುಂದೆ ಕೂತರೂ ಕಣ್ಣೀರು ಬರುವುದು ತಮ್ಮವರನ್ನು ನೆನೆದಾಗ. ಈ ಆರು ವರ್ಷ ಯಾರ ಯಾರ ಮನೆಯಲ್ಲೋ ಅವಳು ನಿಮ್ಮಪ್ಪನಿಗಾಗಿ ಅತ್ತಿರಬಹುದು. ಅವಳನ್ನೇ ಕೇಳಿ. ಅವಳು ಸಾವಿನ ಮನೆಯಿಂದ ಬಂದು ತಲೆಗೆ ನೀರು ಹಾಕಿಕೊಂಡು, ಊಟ ಮಾಡಿದ ಮೇಲೆ ಕೇಳಿ.

ದುಡ್ಡಿನ ವಿಷಯ. ಅಸಂಘಟಿತ ಕಾರ್ಮಿಕರ ಇ-ಶ್ರಮ್ ನೋಂದಣಿ 16ರಿಂದ 59 ವರ್ಷದವರಿಗೆ, ಅಮ್ಮನಿಗೆ ಅದು ದಾಟಿಹೋಗಿದೆ. ಜೊತೆಯಲ್ಲಿ ಹಾಡುವ ಕಿರಿಯರಿಗಾದರೂ ಮಾಡಿಸಲು ಹೇಳಿ. ವಿಧವಾ ವೇತನಕ್ಕೆ ಇನ್ನೂ ಹಾಕಿಲ್ಲವೆಂದರೆ ಅಪ್ಪನ ಮರಣ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಹಿಡಿದು ನಾಡಕಚೇರಿಗೆ ಹೋಗಿ, ತಿಂಗಳಿಗೆ 800 ರೂಪಾಯಿ ಬರುತ್ತದೆ. 65 ತುಂಬಿದ ಮೇಲೆ ಸಂಧ್ಯಾ ಸುರಕ್ಷಾ ಎಂಬ ವೃದ್ಧಾಪ್ಯ ವೇತನದಲ್ಲಿ 1,200. ಪಡಿತರ ಚೀಟಿಯಲ್ಲಿ ಮನೆಯೊಡತಿಯಾಗಿ ಅವಳ ಹೆಸರಿದ್ದರೆ ಗೃಹಲಕ್ಷ್ಮಿಯ 2,000 ಬರುತ್ತಿದೆಯೇ ನೋಡಿ.

ಕೂಲಿಯನ್ನು ಯಜಮಾನನ ಕೈಗೆ ಬಿಡಬೇಡಿ. ಹಾಡುವ ಮೂರು ನಾಲ್ಕು ಹೆಂಗಸರು ಸೇರಿ ಒಂದೇ ದರ ಕಟ್ಟಲಿ, ಬಸ್ ಚಾರ್ಜು ಬೇರೆ. ಕರೆಯಲು ಬಂದವರೊಡನೆ ಮೊದಲೇ ಮಾತಾಡಲಿ. ಸಾವಿನ ಮನೆಯಲ್ಲಿ ಚೌಕಾಸಿ ಮಾಡಲು ಯಾರಿಗೂ ಬಾಯಿ ಬರುವುದಿಲ್ಲ, ಅದರಿಂದಲೇ ಇವರು ಇಷ್ಟು ವರ್ಷ ಕಳೆದುಕೊಂಡದ್ದು.

ಇನ್ನೊಂದು ದಾರಿ ಕಲಾವಿದರ ಮಾಸಾಶನ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ 58 ದಾಟಿದ, ಕಷ್ಟದಲ್ಲಿರುವ ಕಲಾವಿದರಿಗೆ ಕೊಡುತ್ತದೆ, ಜನಪದ ಹಾಡುಗಾರರೂ ಸೇರುತ್ತಾರೆ. ಕೋಲಾರದ ಜಿಲ್ಲಾ ಕಚೇರಿಯಲ್ಲಿ ಸಹಾಯಕ ನಿರ್ದೇಶಕರನ್ನು ಕಾಣಿ. ವಿಧವಾ ವೇತನದ ಜೊತೆಗೆ ಇದೂ ಸಿಗುತ್ತದೆ ಎಂದು ನೆಚ್ಚಬೇಡಿ, ಯಾವುದು ಅನುಕೂಲ ಎಂದು ಅಲ್ಲೇ ಕೇಳಿಕೊಳ್ಳಿ. ಕಸುಬು ಎಂಬಲ್ಲಿ ‘ಕೂಲಿ’ ಎಂದು ಬರೆಸಬೇಡಿ, ‘ಜನಪದ ಗಾಯಕಿ, ಒಪ್ಪಾರಿ’ ಎಂದು ಬರೆಸಿ. ಇಷ್ಟು ವರ್ಷ ಹಾಡಿದ್ದಕ್ಕೆ ಪುರಾವೆ ಕೇಳುತ್ತಾರೆ. ಕರೆಸಿದ ಮನೆಗಳವರಿಂದ ನಾಲ್ಕು ಸಾಲಿನ ಪತ್ರ ಪಡೆಯಿರಿ. ಗಂಟಲು ವಾಸಿಯಾದ ಮೇಲೆ ಮೊಬೈಲಿನಲ್ಲಿ ಅವಳ ಹಾಡು ರೆಕಾರ್ಡ್ ಮಾಡಿ. ಆದರೆ ಮನೆಯೊಳಗೆ ಹಾಡು ಎನ್ನಬೇಡಿ, ಬದುಕಿರುವವರ ಮನೆಯಲ್ಲಿ ಒಪ್ಪಾರಿ ಅಪಶಕುನವೆಂದು ಅವಳು ಒಪ್ಪುವುದಿಲ್ಲ. ಊರಾಚೆ ಯಾವುದಾದರೂ ಮರದ ಕೆಳಗೆ ಕೂರಿಸಿಕೊಳ್ಳಿ, ಕುಡಿಯಲು ಬಿಸಿನೀರು ಒಯ್ಯಿರಿ.