ಕೆರೆ ಏರಿ ಮೇಲೆ ಸೈಕಲ್ ಗುಂಪಿನ ಕಾಟಕ್ಕೆ ಏನು ಮಾಡಬಹುದು

ಬೆಳಿಗ್ಗೆ ಆರೂವರೆಗೆ ಕೆರೆ ಏರಿ ಮೇಲೆ ವಾಕಿಂಗ್ ಹೋಗುವ ನಿಮ್ಮ ಅಮ್ಮನಿಗೆ ಸೈಕಲ್‌ನವರು ಹಿಂದಿನಿಂದ ತಾಗುವ ಹಾಗೆ ನುಗ್ಗುತ್ತಾರೆ, ಏನು ಮಾಡುವುದು ಅಂತ ಕೇಳಿದ್ದೀರಿ. ಅದಕ್ಕೆ ಕಾರಣ ಬಹುಶಃ ಎರಡು: ವೇಗ, ಮತ್ತು ಬೆಲ್ ಇಲ್ಲದಿರುವುದು. ಗಂಟೆಗೆ 25 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 7 ಮೀಟರ್. ಬೆನ್ನ ಹತ್ತಿರ ಬಂದು "ಸೈಡ್, ಸೈಡ್" ಅಂತ ಕೂಗಿದರೆ ವಯಸ್ಸಾದವರು ಗಾಬರಿಯಾಗಿ ಸೈಕಲ್ ಬರುವ ಕಡೆಗೇ ಸರಿದುಬಿಡುತ್ತಾರೆ. 20 ಮೀಟರ್ ದೂರದಲ್ಲೇ ಬೆಲ್ ಹೊಡೆದರೆ ಹೆಚ್ಚುಕಡಿಮೆ 3 ಸೆಕೆಂಡ್ ಸಿಗುತ್ತೆ.

ಮೊದಲು ಒಂದು ವಾರ ದಿನ, ಸಮಯ, ಯಾವ ತಿರುವು ಅಂತ ಬರೆದಿಡಿ. ಸಾಮಾನ್ಯವಾಗಿ ಬರುವುದು ಒಂದೇ ಗುಂಪು. ಓಡುತ್ತಿರುವ ಸೈಕಲ್‌ಗೆ ಅಡ್ಡ ನಿಲ್ಲಬೇಡಿ, ಜಗಳ ಹತ್ತುತ್ತೆ, ಬಿದ್ದರೆ ಏಟು ಇಬ್ಬರಿಗೂ. ಅವರು ಕಾಫಿಗೆ ನಿಂತಾಗ ಮುಂದಾಳು ಯಾರು ಅಂತ ನೋಡಿ ಅಮ್ಮನ ವಿಷಯ ಹೇಳಿ, ಬೆಲ್ ಹಾಕಿಸಿ, ಏರಿ ಮೇಲೆ ನಿಧಾನ ಮಾಡಿ ಅಂತ ಕೇಳಿ. ನಮ್ಮ ಕೆರೆಯಲ್ಲಿ ನಾನು ಇಷ್ಟೇ ಮಾಡಿದ್ದು, ಬಹುಪಾಲು ಹುಡುಗರು ತಿದ್ದಿಕೊಂಡರು. ನಿಮ್ಮಲ್ಲೂ ಹಾಗೇ ಆಗುತ್ತೆ ಅಂತ ಭರವಸೆ ಕೊಡಲಾರೆ.

ಕೇಳದಿದ್ದರೆ ಕೆರೆ ನೋಡಿಕೊಳ್ಳುವ ಕಚೇರಿಗೆ ಐದಾರು ಮಂದಿ ಸಹಿ ಹಾಕಿದ ಅರ್ಜಿ ಕೊಡಿ. ಬರೀ ಬೋರ್ಡ್ ಕೇಳಬೇಡಿ, ಗೇಟಿನಲ್ಲಿ ಸೈಕಲ್ ಇಳಿದು ತಳ್ಳಿಕೊಂಡೇ ಬರಬೇಕಾದಂಥ ಅಡ್ಡಕಂಬಿ ಕೇಳಿ. ಗಾಲಿಕುರ್ಚಿಗೆ ಜಾಗ ಬಿಡಿಸಿ. ಗುದ್ದಿ ಗಾಯವಾದರೆ ಕೂಡಲೇ 112ಕ್ಕೆ ಕರೆ ಮಾಡಿ. ಸಾರ್ವಜನಿಕ ದಾರಿಯಲ್ಲಿ ಅಜಾಗರೂಕ ಸವಾರಿಗೆ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ಇದೆ.

ಅಲ್ಲಿಯವರೆಗೆ ಅಮ್ಮ ಎಡ ಅಂಚಿನಲ್ಲೇ ನಡೆಯಲಿ, ಸದ್ದು ಕೇಳಿದರೆ ಪಕ್ಕಕ್ಕೆ ಹಾರದೆ ನೇರವಾಗಿ ಹೆಜ್ಜೆ ಹಾಕಲಿ.