ಮೇವಿಗಿಂತ ಮೊದಲು ಮರೆ

ಜಿಂಕೆಗಳನ್ನು ಸೆಳೆಯಲೆಂದು ಜಮೀನಿನಲ್ಲಿ ಬಿತ್ತಿದ ಮೇವು ಚೆನ್ನಾಗಿ ಬೆಳೆದರೂ ಅವು ರಾತ್ರಿ ಮಾತ್ರ ಬರುತ್ತವೆ, ಏನು ತಪ್ಪಾಗಿದೆ ಎಂದು ಕೇಳಿದ್ದೀರಿ. ತಪ್ಪು ಮೇವಿನದಲ್ಲ, ಜಾಗದ್ದು. ಜಮೀನಿನ ನಟ್ಟನಡುವೆ ಬಿತ್ತಿದ್ದೀರಿ. ಹಗಲಲ್ಲಿ ಅಷ್ಟು ಬಯಲು ದಾಟಿ ಬರಲು ಯಾವ ಜಿಂಕೆಗೆ ಧೈರ್ಯ ಇರುತ್ತದೆ ಹೇಳಿ?

ಮೊದಲು ಕಾಡಿನ ಅಂಚು ಸರಿಮಾಡಿ. ದೊಡ್ಡ ಮರಗಳು ಮುಗಿದ ಕೂಡಲೇ ಬಯಲು ಶುರುವಾಗಬಾರದು. ನಡುವೆ ಹತ್ತಿಪ್ಪತ್ತು ಮೀಟರ್ ಪೊದೆ, ಎಳೆ ಗಿಡ, ಎತ್ತರದ ಹುಲ್ಲು ಇರಲಿ. ಅಂಚಿನ ಕೆಲವು ಮರ ತೆಗೆದರೆ ಸಾಕು, ನೆಲಕ್ಕೆ ಬಿಸಿಲು ಬಿದ್ದು ಹೆಚ್ಚಿನವು ತಾವಾಗೇ ಹುಟ್ಟುತ್ತವೆ. ಎರಡು ಬಗೆಯ ನೆಲ ಕೂಡುವ ಕಡೆ ಬೇಟೆಪ್ರಾಣಿ ಜಾಸ್ತಿ ಎಂದು ಅಮೆರಿಕದ ವನ್ಯಜೀವಿ ತಜ್ಞ ಆಲ್ಡೊ ಲಿಯೊಪೋಲ್ಡ್ 1933ರಲ್ಲೇ ಬರೆದಿದ್ದರು. ಜಿಂಕೆಗೆ ಆ ಪೊದೆಯೇ ಊಟ, ಅದೇ ಮರೆ. ನಿಮ್ಮ ಮೇವಿನ ಬೀಜ ಆಮೇಲಿನ ಮಾತು.

ಇನ್ನು ಜಿಂಕೆಗಾಗಿ ಕಾದು ಕೂರುವ ಅಟ್ಟಣೆಗೆ ಮೇವಿನ ನಡುವಿಂದಲೇ ನಡೆದು ಹೋಗುತ್ತೀರಿ ಅಲ್ವಾ? ಅದನ್ನು ಬಿಡಿ. ಸುತ್ತಾದರೂ ಬೇಲಿ ಪಕ್ಕದ ದಾರಿ ಹಿಡಿಯಿರಿ. ನಿಮ್ಮ ಕಡೆಯಿಂದ ಜಿಂಕೆಗಳು ಮಲಗುವ ಕಡೆಗೆ ಗಾಳಿ ಬೀಸುತ್ತಿದ್ದರೆ ನಿಮ್ಮ ವಾಸನೆ ಅವಕ್ಕೆ ತಟ್ಟುತ್ತದೆ, ಆ ದಿನ ಸುಮ್ನೆ ಮನೆಯಲ್ಲಿರಿ. ಜಮೀನಿನ ಒಂದು ಮೂಲೆಗಂತೂ ವರ್ಷವಿಡೀ ಕಾಲಿಡಲೇಬೇಡಿ, ಅದು ಜಿಂಕೆಗಳಿಗೇ ಇರಲಿ.